ಗೋಡೆ ಬಿರುಕಿನ ಅರಳಿ ಕುಂಡಕ್ಕೆ, ಕುಂಡದಿಂದ ಪ್ರದರ್ಶನಕ್ಕೆ: ಬೋನ್ಸಾಯ್ ಮಾಡುವುದು ಹೀಗೆ

ಗೋಕಾಕ: ಹಳೇ ಮನೆಯ ಮಾಳಿಗೆ, ಗುಡಿಯ ಪೌಳಿ, ಬಾವಿಯ ಕಟ್ಟೆ, ಸೇತುವೆಯ ಕಲ್ಲಿನ ಸಂದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಇಂಥ ಕಡೆ ಒಂದು ಅರಳಿಯೋ ಬಸರಿಯೋ ಚಿಗುರಿರುವುದು ಎಲ್ಲರೂ ನೋಡಿದ್ದೇ. ಹಾಗೇ ಬಿಟ್ಟರೆ ಬೇರು ಗೋಡೆ ಸೀಳುತ್ತದೆ. ಕಡಿಯೋಣ ಅಂದರೆ ಅರಳಿಗೆ ಕೊಡಲಿ ಹಾಕಲು ಮನಸ್ಸು ಬರುವುದಿಲ್ಲ. ಗೋಡೆಯೂ ಉಳಿಯಬೇಕು, ಗಿಡವೂ ಬದುಕಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬೇರುಸಹಿತ ಬಿಡಿಸಿ ಅದನ್ನು ಬೋನ್ಸಾಯ್ ಮಾಡುವುದು.

ಜುನಿಪರ್ ನಮ್ಮಲ್ಲಿ ಯಾಕೆ ಕಷ್ಟ?

ಬೋನ್ಸಾಯ್ ಅಂದರೆ ಜಪಾನಿ ಭಾಷೆಯಲ್ಲಿ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ. ಬೆಟ್ಟ, ಬಂಡೆಗಳಲ್ಲಿ ಗಾಳಿ–ಹಿಮಕ್ಕೆ ಸಿಕ್ಕು ಕುಳ್ಳಾದ ಮರವನ್ನು ತಂದು ಪಳಗಿಸುವುದಕ್ಕೆ ಅಲ್ಲಿ ‘ಯಮದೋರಿ’ ಎನ್ನುತ್ತಾರೆ. ಅದರಲ್ಲಿ ಜುನಿಪರ್‌ಗೆ ದೊಡ್ಡ ಹೆಸರು. ತಿರುಚಿದ ಕಾಂಡ, ಒಂದು ಬದಿ ಬಿಳಿಚಿದ ಸತ್ತ ಕಟ್ಟಿಗೆ, ಇನ್ನೊಂದು ಬದಿ ಜೀವಂತ ತೊಗಟೆ, ಇದೇ ಅದರ ಚೆಲುವು. ಆ ಸತ್ತ ಭಾಗ ಕೊಳೆಯದಂತೆ ಸುಣ್ಣ–ಗಂಧಕದ ದ್ರಾವಣ ಬಳಿಯುತ್ತಾರೆ. ಟೋಕಿಯೊದಲ್ಲಿ 1934ರಿಂದ ನಡೆದುಬಂದ ಕೊಕುಫು ಪ್ರದರ್ಶನದಲ್ಲಿ ಇಂಥ ಮರಗಳನ್ನು ನೋಡಬಹುದು.

ಆದರೆ ಜುನಿಪರ್ ತಂಪು ನಾಡಿನ ಗಿಡ. ಭಾರತದಲ್ಲಿ ಅದು ತಾನಾಗಿ ಬೆಳೆಯುವುದು ಲಡಾಖ್, ಲಾಹೌಲ್‌ನಂಥ ಹಿಮಾಲಯದ ಕಡೆ. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಕುಂಡದ ಬೇರು ಬೆಂದುಹೋಗುತ್ತದೆ, ಮಳೆಗಾಲದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಇನ್ನೊಂದು ತೊಂದರೆ ಅಂದರೆ ಬೇರು ಸತ್ತರೂ ಎಲೆ ಕೆಲವು ವಾರ ಹಸಿರಾಗೇ ಕಾಣುತ್ತದೆ. ದುಬಾರಿ ದುಡ್ಡು ಕೊಟ್ಟು ತಂದವರಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹಸಿರೆಲ್ಲ ತೆಗೆದರೆ ಆ ಕೊಂಬೆ ಮತ್ತೆ ಚಿಗುರುವುದೂ ಇಲ್ಲ.

ಅರಳಿ, ಆಲ, ಬಸರಿ ಹಾಗಲ್ಲ. ಬೋಳು ಕಾಂಡದಿಂದಲೂ ಚಿಗುರುತ್ತವೆ, ಬಿಸಿಲಿಗೆ ಹೊಂದಿಕೊಂಡಿವೆ. ಹಕ್ಕಿಗಳು ಹಣ್ಣು ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತವೆ. ಬಿರುಕಿನಲ್ಲಿ ಮಣ್ಣು, ನೀರು ಸಾಲದೆ ವರ್ಷಗಟ್ಟಲೆ ಕುಳ್ಳಗೇ ಉಳಿದು ಬುಡ ದಪ್ಪವಾಗಿರುತ್ತದೆ. ಬೋನ್ಸಾಯ್‌ಗೆ ಬೇಕಾದದ್ದೂ ಅದೇ.

ಎಲ್ಲಿಂದ ತೆಗೆಯಬಾರದು?

ಅರಣ್ಯದಿಂದ ಗಿಡ ಕಿತ್ತು ತರುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಜಲಪಾತದ ಬಂಡೆಗಳ ಗಿಡ, ಘಟಪ್ರಭಾ ಪಕ್ಷಿಧಾಮದ ಗಿಡ ಅಲ್ಲೇ ಇರಲಿ. ಹುಕ್ಕೇರಿಯ ಹಳೇ ಗುಮ್ಮಟದಂಥ ಸ್ಮಾರಕಗಳ ಮೇಲೆ ಬೆಳೆದ ಗಿಡಕ್ಕೂ ಕೈ ಹಾಕಬೇಡಿ. ಬೇರು ಎಳೆದರೆ ಕಲ್ಲೂ ಜಾರುತ್ತದೆ, ಸಂಬಂಧಪಟ್ಟ ಇಲಾಖೆಗೆ ತಿಳಿಸಿದರೆ ಸಾಕು. ಸ್ವಂತ ಮನೆ, ಕೆಡವುವ ಕಟ್ಟಡ, ಮಾಲೀಕರು ಇಲ್ಲವೇ ಗುಡಿ ಸಮಿತಿಯವರು ಒಪ್ಪಿಗೆ ಕೊಟ್ಟ ಗೋಡೆ, ಇವೇ ಸರಿಯಾದ ಜಾಗ.

ಬಿಡಿಸುವುದು ಹೇಗೆ?

ಮಿರಗಾ ಮಳೆ ಶುರುವಾಗುವ ಜೂನ್ ತಿಂಗಳು ಒಳ್ಳೆಯ ಕಾಲ. ಗಾಳಿಯಲ್ಲಿ ತೇವ ಇರುತ್ತದೆ, ಗಿಡವೂ ಬೆಳೆಯುವ ಹುರುಪಿನಲ್ಲಿರುತ್ತದೆ. ಗಿಡ ಹಿಡಿದು ಜಗ್ಗಬಾರದು. ಗೌಂಡಿಯವರನ್ನು ಕರೆದು ಚಾಣದಿಂದ ಸುತ್ತಲಿನ ಗಾರೆ ಬಿಡಿಸಿ, ಸಣ್ಣ ಬೇರುಗಳನ್ನು ಆದಷ್ಟು ಉಳಿಸಿಕೊಳ್ಳಬೇಕು. ಒಳಗೆ ಹೋದ ದಪ್ಪ ಬೇರನ್ನು ಕತ್ತರಿಸಬಹುದು. ಮೇಲಿನ ಕೊಂಬೆಗಳನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ. ಗಾಯದಿಂದ ಹಾಲು ಸುರಿಯುವುದು ನಿಂತ ಮೇಲೆ ತೊಳೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ತನ್ನಿ. ಗೋಡೆಯ ಬಿರುಕನ್ನು ಅದೇ ದಿನ ಮುಚ್ಚಿಸಿ. ಒಳಗೆ ಬೇರಿನ ತುಂಡು ಉಳಿದರೆ ಮತ್ತೆ ಚಿಗುರುತ್ತದೆ.

ಮೊದಲ ವರ್ಷ ಚೆಂದದ ತಟ್ಟೆ ಬೇಡ. ತಳಕ್ಕೆ ತೂತಿರುವ ಹಳೇ ಪ್ಲಾಸ್ಟಿಕ್ ಟಬ್ ಸಾಕು. ನಮ್ಮ ಎರಿ ಮಣ್ಣು ನೀರು ಹಿಡಿದಿಟ್ಟು ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಪುಡಿ ಜರಡಿ ಹಿಡಿದು ತೆಗೆದ ಇಟ್ಟಂಗಿ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಕೂಡಿಸಿ. ಗಿಡ ಅಲ್ಲಾಡದಂತೆ ಟಬ್ಬಿಗೆ ಕಟ್ಟಿ, ತಿಂಗಳ ಮಟ್ಟಿಗೆ ನೆರಳಿನಲ್ಲಿಡಿ. ಹೊಸ ಎಲೆ ಬಲಿಯುವ ತನಕ ಬೇರೆ ಗೊಬ್ಬರ ಹಾಕಬೇಡಿ, ಬೇರು ಹಿಡಿದಿದೆಯಾ ಅಂತ ಕಿತ್ತು ನೋಡಲೂಬೇಡಿ.

ಆಕಾರ ಕೊಡುವುದು

ಎರಡನೇ ವರ್ಷ ಬುಡ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತದೆ ನೋಡಿ ‘ಮುಂಭಾಗ’ ಗೊತ್ತು ಮಾಡಿಕೊಳ್ಳಬೇಕು. ಬೇಕಾದ ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿ ನಿಧಾನಕ್ಕೆ ಬಗ್ಗಿಸುತ್ತಾರೆ. ಮಳೆಗಾಲದಲ್ಲಿ ಈ ಗಿಡಗಳು ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ನೋಡಿ, ತೊಗಟೆಗೆ ತಂತಿ ಕಚ್ಚುವ ಮೊದಲೇ ತುಂಡರಿಸಿ ತೆಗೆಯಬೇಕು. ಗಿಡ ಗಟ್ಟಿಯಾದ ಮೇಲೆ ಎಲೆ ಕತ್ತರಿಸಿದರೆ ಹೊಸ ಎಲೆ ಚಿಕ್ಕದಾಗಿ ಬರುತ್ತದೆ. ಅರಳಿಯ ಎಲೆಗೆ ಉದ್ದ ತೊಟ್ಟು ಇರುವುದರಿಂದ ಅದನ್ನು ತೀರಾ ಪುಟ್ಟ ಬೋನ್ಸಾಯ್ ಮಾಡಿದರೆ ಒಪ್ಪುವುದಿಲ್ಲ, ಸ್ವಲ್ಪ ದೊಡ್ಡ ಗಾತ್ರವೇ ಚೆಂದ. ತಟ್ಟೆಗೆ ಇಳಿಸುವ ಮಾತು ಮೂರ್ನಾಲ್ಕು ವರ್ಷದ ನಂತರ.

ಪ್ರದರ್ಶನಕ್ಕೆ ಒಯ್ಯುವ ಮುನ್ನ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅಲ್ಲಿ ಬೋನ್ಸಾಯ್‌ಗಳನ್ನೂ ಇಡುತ್ತಾರೆ. ಜಿಲ್ಲೆಗಳಲ್ಲೂ ತೋಟಗಾರಿಕೆ ಇಲಾಖೆ ಇಂಥ ಪ್ರದರ್ಶನ ಮಾಡುತ್ತದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿ ಬಂದರೆ ಆಕಾರಗಳ ಕಲ್ಪನೆ ಸಿಗುತ್ತದೆ.

ಗಿಡ ಒಯ್ಯುವ ಮುನ್ನ ಇಷ್ಟು ಗಮನದಲ್ಲಿರಲಿ:

• ಕಳೆ, ಒಣಗಿದ ಎಲೆ, ಕುಂಡದ ಮೇಲಿನ ಸುಣ್ಣದ ಕಲೆ ತೆಗೆಯಿರಿ.
• ಕೈಲಾದರೆ ತಂತಿಯೆಲ್ಲ ಬಿಚ್ಚಿರಿ, ಮಣ್ಣಿನ ಮೇಲೆ ಹಸಿರು ಪಾಚಿ ಹಾಸಿರಿ.
• ಹಿಂದಿನ ದಿನ ನೀರುಣಿಸಿ, ಗಾಡಿಯಲ್ಲಿ ಕುಂಡ ಅಲುಗದಂತೆ ಕಟ್ಟಿರಿ.
• ಕಣ್ಣಿನ ಮಟ್ಟಕ್ಕೆ, ಸಾದಾ ಬಣ್ಣದ ಹಿನ್ನೆಲೆಯಲ್ಲಿ ಇಡಿರಿ.
• ಚೀಟಿಯಲ್ಲಿ ಜಾತಿಯ ಹೆಸರು, ಕುಂಡದಲ್ಲಿ ಎಷ್ಟು ವರ್ಷದಿಂದ ಇದೆ ಎಂಬುದನ್ನು ಬರೆಯಿರಿ. ಗೋಡೆಯಲ್ಲಿ ಎಷ್ಟು ವರ್ಷ ಇತ್ತೋ ಯಾರಿಗೂ ಗೊತ್ತಿರುವುದಿಲ್ಲ, ‘ನೂರು ವರ್ಷದ್ದು’ ಅಂತ ಬರೆಯಬೇಡಿ.

ಗಿಡಕ್ಕೆ ರೋಗ, ಕೀಟ ಕಂಡರೆ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಅಥವಾ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಪ್ರದರ್ಶನ ಮುಗಿದ ಮೇಲೆ ಗಿಡವನ್ನು ಟಿವಿ ಪಕ್ಕ ಇಡದೆ ಮತ್ತೆ ಬಯಲಿಗೇ ಒಯ್ಯಿರಿ. ಕುಂಡದಲ್ಲಿದ್ದರೂ ಅದು ಅರಳಿಯೇ, ಬಿಸಿಲು–ಗಾಳಿ ಬೇಕೇ ಬೇಕು.