ಕಿತ್ತೂರು ಉತ್ಸವಕ್ಕೆ ಹೋಗ್ತೀರಾ? ಹಗಲು ಹೊತ್ತಲ್ಲೇ ಹೋಗಿ

ಇವತ್ತಿನ ಎಪಿಸೋಡ್ ಕಿತ್ತೂರು ಉತ್ಸವದ ಬಗ್ಗೆ. ಪ್ರತಿ ವರ್ಷ ಅಕ್ಟೋಬರ್ 23, 24, 25ರಂದು ಕೋಟೆ ಆವರಣದಲ್ಲಿ ನಡೆಯುತ್ತೆ. ಇನ್‌ಸ್ಟಾದಲ್ಲಿ ನೀವು ನೋಡಿರೋದು ರಾತ್ರಿಯ ರೀಲ್ಸ್ ಇರಬಹುದು: ಲೈಟು, ಸಿನಿಮಾ ಗಾಯಕರು, ಮೊಬೈಲ್ ಟಾರ್ಚ್ ಎತ್ತಿದ ಜನ. ಅದೂ ಉತ್ಸವವೇ, ಇಲ್ಲ ಅನ್ನಲ್ಲ. ಆದರೆ ಅಷ್ಟಕ್ಕೇ ಕಿತ್ತೂರಿನ ತನಕ ಹೋಗಬೇಕಾ?

ಮೊದಲು, ಇದೇ ತಾರೀಖು ಯಾಕೆ ಅಂತ ನೋಡೋಣ. ಮಲ್ಲಸರ್ಜ ದೊರೆಯ ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಖಜಾನೆಗೆ ಸೀಲ್ ಹಾಕಿಸಿದ. ಇದನ್ನ ಡಾಲ್‌ಹೌಸಿ ಕಾನೂನು ಅಂತ ಹೇಳೋರಿದ್ದಾರೆ, ಆದರೆ ಡಾಲ್‌ಹೌಸಿ ಭಾರತಕ್ಕೆ ಬಂದಿದ್ದೇ 1848ರಲ್ಲಿ. ನಾನು ಬಿಕಾಂ ಓದಿದವನು, ನನಗೆ ಈ ಕಥೆಯಲ್ಲಿ ಕತ್ತಿಗಿಂತ ಮೊದಲು ಕಾಣೋದು ಆ ಖಜಾನೆಯ ಸೀಲು. ಅಕ್ಟೋಬರ್ 23ಕ್ಕೆ ಕೋಟೆ ಬಾಗಿಲು ತೆರೆದು ಚೆನ್ನಮ್ಮನ ಸೈನ್ಯ ಹೊರನುಗ್ಗಿತು, ಥ್ಯಾಕರೆ ಸತ್ತ. ಉತ್ಸವ ಆ ಗೆಲುವಿನದ್ದು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಈಗ ಮೆರವಣಿಗೆಗೆ ಬರೋಣ. ಚೆನ್ನಮ್ಮನ ಹೆಸರಿನ ಜ್ಯೋತಿ ಊರಿಗೆ ಬರುತ್ತೆ, ಅದರ ಜೊತೆಗೇ ಜನಪದ ತಂಡಗಳು ರಸ್ತೆಗಿಳಿಯುತ್ತವೆ. ಡೊಳ್ಳು ನೀವು ಕೇಳಿರ್ತೀರಿ. ಜಗ್ಗಲಿಗೆ ಕೇಳಿದ್ದೀರಾ? ಎತ್ತಿನ ಗಾಡಿಯ ಚಕ್ರಕ್ಕೆ ಎಮ್ಮೆ ಚರ್ಮ ಬಿಗಿದು ಮಾಡೋ ವಾದ್ಯ, ಆಳೆತ್ತರಕ್ಕೆ ಹತ್ತಿರ. ಹೆಗಲಿಗೆ ಹಾಕೋಕಾಗಲ್ಲ, ನೆಲದ ಮೇಲೆ ಉರುಳಿಸ್ತಾ ಬಾರಿಸ್ತಾರೆ. ಧಾರವಾಡ ಸೀಮೆಯದೇ ಕಲೆ. ಇಯರ್‌ಬಡ್ಸ್‌ನಲ್ಲಿ ಕೇಳಿದರೆ ಬರೀ ಗದ್ದಲ, ಪಕ್ಕದಲ್ಲಿ ನಿಂತರೆ ಎದೆಗೂಡೇ ಅದುರುತ್ತೆ. ಕರಡಿ ಮಜಲು, ಪುರವಂತಿಕೆ, ನಂದಿಕೋಲು ಕೂಡ ಇದೇ ಸಾಲಿನಲ್ಲಿ ಬರುತ್ತವೆ.

ಲಾವಣಿ, ಗೀಗೀ ಪದದವರು ಇದ್ದರೆ ಮಾತ್ರ ದಯವಿಟ್ಟು ಕೂತು ಕೇಳಿ. ತುಂತುಣಿ, ದಪ್ಪು, ಮುಂದೆ ಒಬ್ಬರು, ಹಿಂದೆ ಮೇಳ. ಪತ್ರಿಕೆ ಇಲ್ಲದ ಕಾಲದಲ್ಲಿ ಸುದ್ದಿ ಹರಡಿದ್ದೇ ಹೀಗೆ, ಒಂಥರಾ ಆಗಿನ ಪಾಡ್‌ಕಾಸ್ಟ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ 1880ರ ದಶಕದಲ್ಲಿ ಈ ಕಡೆಯ ಲಾವಣಿಗಳನ್ನು ಬರೆದಿಟ್ಟುಕೊಂಡು ಪ್ರಕಟಿಸಿದ. ಅದರಲ್ಲಿ ರಾಯಣ್ಣನ ಬಂಡಾಯದ್ದಿದೆ, ಹಲಗಲಿ ಬೇಡರದ್ದಿದೆ, ಇನ್‌ಕಮ್ ಟ್ಯಾಕ್ಸ್ ಬಗ್ಗೆಯೂ ಒಂದಿದೆ! ಸರ್ಕಾರಿ ಕಾಗದದಲ್ಲಿ ರಾಯಣ್ಣ ಬಂಡುಕೋರ, ಲಾವಣಿಯಲ್ಲಿ ವೀರ. ಹಾಡಿದವರು ನೆನಪಿಟ್ಟಿದ್ದಕ್ಕೇ ಆ ಇನ್ನೊಂದು ಕಥೆ ನಮ್ಮ ತನಕ ಬಂತು.

ಹಾಡೋರಿಗೆ ಏನು ಸಿಗುತ್ತೆ? ಸುಮ್ಮನೆ ಒಂದು ಲೆಕ್ಕ ಹಾಕೋಣ, ಇದು ನಾನು ಇಟ್ಟುಕೊಂಡ ಅಂಕಿ ಅಷ್ಟೇ. ಹನ್ನೆರಡು ಜನರ ತಂಡಕ್ಕೆ 15,000 ರೂಪಾಯಿ ಸಂಭಾವನೆ ಅಂದುಕೊಳ್ಳಿ. ಟೆಂಪೊ ಬಾಡಿಗೆ 4,000 ಕಳೆಯಿರಿ. ಉಳಿದದ್ದು 11,000. ತಲೆಗೆ 916 ರೂಪಾಯಿ. ಊಟ, ಚಹಾ, ಒಂದು ದಿನದ ಕೂಲಿ ತಪ್ಪಿದ್ದು, ಹರಿದ ಚರ್ಮ ಮತ್ತೆ ಕಟ್ಟಿಸೋದು ಎಲ್ಲಾ ಅದರಲ್ಲೇ. ದುಡ್ಡು ಒಂದೆರಡು ತಿಂಗಳು ತಡವಾದರೆ ಟೆಂಪೊದವನಿಗೆ ಕೈಯಿಂದ ಕೊಟ್ಟ ತಂಡದ ಹಿರಿಯ ಸಾಲಗಾರ. ದೊಡ್ಡ ಹೆಸರಿನ ಗಾಯಕರು ಬಂದರೆ ಜನ ಬರ್ತಾರೆ, ಒಪ್ಪೋಣ. ಆದರೆ ಅವರನ್ನ ಬೆಂಗಳೂರಲ್ಲೂ ಕೇಳಬಹುದು. ಜಗ್ಗಲಿಗೆಯವರಿಗೆ ಇಂಥ ವೇದಿಕೆ ವರ್ಷಕ್ಕೆ ಎಷ್ಟು ಸಲ ಸಿಗುತ್ತೆ? ಅವರ ಮುಂದೆ ಕುರ್ಚಿ ಖಾಲಿ ಇದ್ದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಹೋಗುತ್ತೆ ಅಂತ ನೀವೇ ಊಹಿಸಿ.

ಕೋಟೆ ಒಳಗೆ ಅರಮನೆಯ ಗೋಡೆಗಳಷ್ಟೇ ಉಳಿದಿವೆ. ಬಾವಿ, ಸ್ನಾನದ ಕೋಣೆ, ಧ್ರುವ ನಕ್ಷತ್ರ ನೋಡೋಕೆ ಗೋಡೆಯಲ್ಲಿ ಬಿಟ್ಟ ಕಿಂಡಿ ಹುಡುಕಿ ನೋಡಿ. ಸೆಲ್ಫಿಗೋಸ್ಕರ ಗೋಡೆ ಹತ್ತಬೇಡಿ, ಇನ್ನೂರು ವರ್ಷದ ಪೆಟ್ಟು ತಿಂದಿರೋ ಗೋಡೆ ಅದು. ಆವರಣದಲ್ಲೇ ಮ್ಯೂಸಿಯಂ ಇದೆ, ನೂಕುನುಗ್ಗಲು ಶುರುವಾಗೋ ಮೊದಲು ನೋಡಿಬಿಡಿ.

ಕಿತ್ತೂರು ಧಾರವಾಡ–ಬೆಳಗಾವಿ ಹೆದ್ದಾರಿಯಲ್ಲೇ ಇದೆ, ಧಾರವಾಡದಿಂದ ಸುಮಾರು 30 ಕಿಲೋಮೀಟರ್. ಕಾರ್ಯಕ್ರಮ ಪಟ್ಟಿ ವರ್ಷವರ್ಷ ಬದಲಾಗುತ್ತೆ, ಹೊರಡೋ ಮುಂಚೆ ನೋಡ್ಕೊಳ್ಳಿ. ಯಾವುದಾದರೂ ತಂಡದ ವಿಡಿಯೊ ಮಾಡಿದರೆ ಅವರ ಹೆಸರು, ಊರು ಕೇಳಿ ಕ್ಯಾಪ್ಷನ್‌ನಲ್ಲಿ ಹಾಕಿ. ಅವರು ಒಪ್ಪಿದರೆ ಫೋನ್ ನಂಬರೂ ಹಾಕಿ, ಮದುವೆಗೋ ಜಾತ್ರೆಗೋ ಯಾರಾದರೂ ಕರೀಬಹುದು.