ಎತ್ತಿ ಆಡಿಸಿದವರ ಲೆಕ್ಕ

ಗುಡವಿಗೆ ಬರುವವರ ಕಣ್ಣೆಲ್ಲ ನೀರಿನ ಮೇಲೆ. ಮಳೆಗಾಲದಲ್ಲಿ ಕೆರೆ ತುಂಬಿತೆಂದರೆ ನೀರೊಳಗೆ ನಿಂತ ಮರಗಳ ನೆತ್ತಿ ಬೆಳ್ಳಗಾಗುತ್ತದೆ. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲವೂ ಮೈಗೆ ಮೈ ತಾಗಿಸಿಕೊಂಡು ಗೂಡು ಕಟ್ಟುತ್ತವೆ. ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಈ ಜಾಗ 1989ರಲ್ಲಿ ಪಕ್ಷಿಧಾಮವಾಯಿತು. ವಿಸ್ತೀರ್ಣ ಬರೀ 0.73 ಚದರ ಕಿಲೋಮೀಟರ್. ಅಷ್ಟರಲ್ಲೇ ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ನೋಡಲು ಬಂದವರು ತಪ್ಪದೆ ಆಡುವ ಮಾತು: ಎಷ್ಟು ಒಗ್ಗಟ್ಟು ನೋಡಿ!

ಕಾವಲಿನ ಮಟ್ಟಿಗೆ ಆ ಮಾತು ಸರಿ. ಗುಂಪಾಗಿದ್ದರೆ ಹದ್ದಿನ ಭಯ ಕಡಿಮೆ. ಆದರೆ ತುತ್ತು ಕೊಡುವ ಹೊತ್ತಿಗೆ ಪ್ರತಿ ಗೂಡೂ ಬೇರೆ ಮನೆ. ಕೆಂಬರಲಿನ ಮರಿಗೆ ಅದರ ಅಪ್ಪ ಅಮ್ಮನೇ ಗತಿ. ಪಕ್ಕದ ರೆಂಬೆಯವರು ತಿರುಗಿ ನೋಡುವುದಿಲ್ಲ. ಬೇರೆ ಥರದ ಸಂಸಾರ ಕಾಣಬೇಕೆಂದರೆ ಕೆರೆಗೆ ಬೆನ್ನು ಹಾಕಿ ಬೇಲಿಸಾಲಿನ ಕಡೆ ತಿರುಗಬೇಕು. ಮಲೆನಾಡಿನ ಬೇಲಿಗಳಲ್ಲಿ ತರಗೆಲೆ ಕೆದಕುತ್ತ, ಸದಾ ಜಗಳಕ್ಕೆ ಬಿದ್ದಂತೆ ಗದ್ದಲ ಮಾಡುವ ಮಣ್ಣುಬಣ್ಣದ ಹರಟೆಮಲ್ಲಗಳು ಸಿಗುತ್ತವೆ. ಕ್ಯಾಮೆರಾ ಹೊತ್ತು ಬಂದವರಿಗೆ ಇವು ಲೆಕ್ಕಕ್ಕಿಲ್ಲ. 1970ರ ದಶಕದಲ್ಲಿ ಆಂಥನಿ ಗ್ಯಾಸ್ಟನ್ ಎಂಬ ವಿಜ್ಞಾನಿ ದೆಹಲಿಯಲ್ಲಿ ಇವುಗಳ ಬೆನ್ನು ಹತ್ತಿ ಅಧ್ಯಯನ ಮಾಡಿದ್ದರು. ಗುಂಪಿನ ಒಂದು ಜೋಡಿ ಮರಿ ಮಾಡಿದರೆ, ಹೆತ್ತವಲ್ಲದ ಉಳಿದ ಹಕ್ಕಿಗಳೂ ಹುಳುಹುಪ್ಪಟೆ ತಂದು ಆ ಮರಿಗಳ ಬಾಯಿಗಿಡುತ್ತವೆ.

ಮನುಷ್ಯರ ಮಗು ಬೆಳೆದದ್ದು ಕೆಂಬರಲಿನ ಹಾಗೋ, ಹರಟೆಮಲ್ಲದ ಹಾಗೋ? ಮಾನವಶಾಸ್ತ್ರಜ್ಞೆ ಸಾರಾ ಬ್ಲಾಫರ್ ಹರ್ಡಿ 2009ರಲ್ಲಿ ಬಂದ ‘ಮದರ್ಸ್ ಅಂಡ್ ಅದರ್ಸ್’ ಪುಸ್ತಕದಲ್ಲಿ ಎರಡನೆಯದರ ಪರ ವಾದಿಸುತ್ತಾರೆ. ನಮ್ಮ ಮಗು ತನ್ನ ಅನ್ನ ತಾನು ಸಂಪಾದಿಸುವ ಹೊತ್ತಿಗೆ ಹತ್ತಾರು ವರ್ಷ ಕಳೆದಿರುತ್ತದೆ. ಅಷ್ಟರೊಳಗೆ ಅದರ ಬೆನ್ನಿಗೆ ಇನ್ನೊಂದು ಹುಟ್ಟಿರುತ್ತದೆ. ತಾಯಿ ಒಬ್ಬಳಿಂದ ಇದು ಆಗುವ ಕೆಲಸವೇ ಅಲ್ಲ. ಅಜ್ಜಿ, ಅಕ್ಕ, ಅತ್ತೆ, ನೆರೆಮನೆಯವರು ಎತ್ತಿಕೊಂಡಿದ್ದರಿಂದಲೇ ಮನುಷ್ಯಕುಲ ಉಳಿಯಿತು ಎಂಬುದು ಅವರ ವಾದದ ತಿರುಳು. ಸೊರಬದ ಯಾವ ಕೇರಿಯಲ್ಲಿ ಕೇಳಿದರೂ, ಇದಕ್ಕೆ ಪುಸ್ತಕ ಬೇರೆ ಬರೀಬೇಕಿತ್ತಾ ಎಂದಾರು.

ಅಡಿಕೆ ಕೊಯ್ಲಿನ ದಿನಗಳನ್ನೇ ನೋಡಿ. ಮಳೆ ಹಿಂದೆ ಸರಿಯುತ್ತಿದ್ದಂತೆ ಸುಲಿತ ಶುರು. ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಎಷ್ಟು ಹೊತ್ತಾದರೂ ಏಳುವುದಿಲ್ಲ, ಏಕೆಂದರೆ ಕೂಲಿ ಡಬ್ಬದ ಲೆಕ್ಕ. ‘ಮಗು ಎಲ್ಲಿ?’ ಎಂದರೆ ‘ಅಜ್ಜಿ ಹತ್ರ’ ಎಂಬ ಉತ್ತರ ಸಿದ್ಧ. ಆ ಎರಡು ಮಾತಿನ ಮೇಲೆ ಒಂದಿಡೀ ಹಂಗಾಮಿನ ದುಡಿಮೆ ನಿಂತಿದೆ. ಉಣ್ಣಿಸಿ ಮಲಗಿಸಿ, ನಡುರಾತ್ರಿ ಅಮ್ಮನನ್ನು ನೆನೆದು ಎದ್ದು ಅತ್ತರೆ ಸಮಾಧಾನ ಮಾಡುವ ಆ ಮುದುಕಿಯ ಕೂಲಿ ಯಾವ ಡಬ್ಬದಲ್ಲೂ ಅಳತೆಗೆ ಸಿಗುವುದಿಲ್ಲ.

ಇದೇ ಹೊತ್ತಿಗೆ ಭೂಮಿ ಹುಣ್ಣಿಮೆಯೂ ಬರುತ್ತದೆ. ಈ ಸೀಮೆಯ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಸಡಗರ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಎಳೆ ಎಳೆಯಬೇಕು. ಕುಂಚವೆಂದರೆ ಪುಂಡಿ ನಾರು, ಅಷ್ಟೇ. ಇದನ್ನು ಕಲಿಸುವ ರೀತಿ ಶಾಲೆಯದಲ್ಲ. ಅಜ್ಜಿ ಬರೆಯುತ್ತಾಳೆ, ಮೊಮ್ಮಗಳು ಪಕ್ಕದಲ್ಲಿ ಬಣ್ಣದ ಬಟ್ಟಲು ಹಿಡಿದು ಕೂತಿರುತ್ತಾಳೆ. ಮೊದಲು ಅರೆಯುವ ಕೆಲಸ, ಆಮೇಲೆ ಅಂಚಿನ ಚುಕ್ಕಿ, ಕೈ ಪಳಗಿದ ಮೇಲೆ ನೇರ ಎಳೆ. ಎಳೆ ಸೊಟ್ಟಗಾದರೆ ಬೈಗುಳವಿಲ್ಲ, ಒದ್ದೆ ಬೆರಳಲ್ಲಿ ಒರೆಸಿ ಮತ್ತೆ ಬರೆಯುವುದು. ತಪ್ಪಿದರೆ ಒರೆಸಬಹುದು ಎಂಬುದನ್ನು ಮಾತಿಲ್ಲದೆ ಕಲಿಸಿದ ಈ ಅಜ್ಜಿ, ಪರೀಕ್ಷೆಯ ಹಿಂದಿನ ದಿನ ಧೈರ್ಯದ ಭಾಷಣ ಬಿಗಿಯುವ ಅತಿಥಿಗಿಂತ ದೊಡ್ಡ ಶಿಕ್ಷಕಿ ಎಂಬುದು ನನ್ನ ಅಭಿಪ್ರಾಯ.

ಗಂಡುಮಕ್ಕಳ ಪಾಲಿಗೆ ಸೋದರಮಾವ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಊರ ಕೆರೆಗಳಲ್ಲಿ ಕೆರೆಬೇಟೆ ನಡೆಯುತ್ತದೆ (ಪಕ್ಷಿಧಾಮದ ಮಾತಲ್ಲ ಇದು, ಸುತ್ತಲ ಸೀಮೆಯ ಕೆರೆಗಳದ್ದು). ನೂರಾರು ಜನ ಕೂಣಿ ಎಂಬ ಮೀನುಬುಟ್ಟಿ ಹಿಡಿದು ಒಟ್ಟಿಗೆ ಕೆಸರಿಗೆ ಇಳಿಯುತ್ತಾರೆ. ಮೊದಲ ವರ್ಷ ಹುಡುಗನ ಪಾಲಿಗೆ ದಂಡೆಯ ಮೇಲೆ ಮೀನಿನ ಚೀಲ ಕಾಯುವ ಕೆಲಸ. ಮುಂದಿನ ವರ್ಷ ಮೊಣಕಾಲಿನವರೆಗಿನ ನೀರು. ಯಾವ ವರ್ಷ ಕೂಣಿ ಕೈಗೆ ಕೊಡಬೇಕೆಂದು ತೀರ್ಮಾನಿಸುವವನು ಮಾವ. ಅಪ್ಪನಿಗೆ ಮಗನ ಮೇಲೆ ಹೆದರಿಕೆ ಹೆಚ್ಚು, ಆಸೆ ಅದಕ್ಕಿಂತ ಹೆಚ್ಚು. ಮಾವನಿಗೆ ಎರಡೂ ಹದದಲ್ಲಿವೆ. ಬಾಲ್ಯದಲ್ಲಿ ಇಂಥ ಒಬ್ಬ ಹಿರಿಯ ಇರಬೇಕು, ನಮ್ಮನ್ನು ಇಷ್ಟಪಡುವ, ಆದರೆ ನಮ್ಮ ಅಂಕಪಟ್ಟಿಯ ಮೇಲೆ ತನ್ನ ಮರ್ಯಾದೆ ಇಟ್ಟಿಲ್ಲದ ಒಬ್ಬ.

ಹಾಗೆ ಕೈಹಿಡಿದು ನಡೆಸಿದ ಹಿರಿಯನೊಬ್ಬನ ಹೆಸರು ಇದೇ ನೆಲದ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬಶಾಸನ 5ನೇ ಶತಮಾನದ್ದು. ಬರೆದ ಕವಿ ಕುಬ್ಜ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ ಹೋಗಿ, ಅಲ್ಲಿನ ಘಟಿಕೆಯಲ್ಲಿ ಓದಲು ಸೇರಿದ ಎಂದು ಅದು ಹೇಳುತ್ತದೆ. ಬನವಾಸಿ ಹತ್ತಿರದ ಗುಡ್ನಾಪುರದಲ್ಲಿ ಸಿಕ್ಕ, ಕದಂಬ ದೊರೆ ರವಿವರ್ಮನ ಕಾಲದ ಇನ್ನೊಂದು ಶಾಸನದಿಂದ ಈ ವೀರಶರ್ಮ ಮಯೂರನ ಅಜ್ಜನೆಂದೂ ತಂದೆ ಬಂಧುಷೇಣನೆಂದೂ ಗೊತ್ತಾಗುತ್ತದೆ. ಕಂಚಿಯಲ್ಲಿ ಪಲ್ಲವ ಕುದುರೆ ಸವಾರನೊಡನೆ ನಡೆದ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ರಾಜ್ಯ ಕಟ್ಟಿದ್ದು ಎಲ್ಲ ನಮಗೆ ಪಾಠವಾಗಿದೆ, ಸಿನಿಮಾವಾಗಿದೆ. ನನಗೆ ಮಾತ್ರ ಆ ಮುದುಕನೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಾನೆ. ಮೊಮ್ಮಗನ ಓದಿಗಾಗಿ ನೂರಾರು ಮೈಲಿ ದಾರಿ ಹಿಡಿದ ಅಜ್ಜ. ಅವನಿಗೆ ಶಾಸನದಲ್ಲಿ ಸಿಕ್ಕಿದ್ದು ಒಂದು ಹೆಸರಿನಷ್ಟು ಜಾಗ. ಅಷ್ಟಾದರೂ ಸಿಕ್ಕಿದ್ದು ಅಪರೂಪ. ಹೆಂಗಸಾಗಿದ್ದರೆ ಅದೂ ಇರುತ್ತಿರಲಿಲ್ಲವೇನೋ.

ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ ಶಾಸನ (1162) ಇನ್ನೂ ಸೊಗಸು. ವೇದ, ವ್ಯಾಕರಣ, ದರ್ಶನ, ಪುರಾಣ ಎಂದು ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ಉದ್ದ ಪಟ್ಟಿ ಕೊಡುತ್ತದೆ. ಅದರ ಜೊತೆಗೇ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಮದ್ದು ಎಂಬ ಇನ್ನೊಂದು ಪಟ್ಟಿ. ಪಾಠ ಮತ್ತು ಊಟ ಎರಡೂ ಒಂದೇ ಮನೆಯ ಕೆಲಸ ಎಂದು ಎಂಟುನೂರು ವರ್ಷಗಳ ಹಿಂದೆಯೇ ಈ ಊರಿಗೆ ಗೊತ್ತಿತ್ತು. ನಮ್ಮ ಸರ್ಕಾರಿ ಶಾಲೆಗಳಿಗೆ ಗೊತ್ತಾಗಲು 2002 ಬರಬೇಕಾಯಿತು. ಆ ವರ್ಷ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಿಂದ ಹಾಲು ಸೇರಿತು.

ಬಿಸಿಯೂಟ ಎಂದರೆ ಅಕ್ಕಿ ಬೇಳೆಯ ಲೆಕ್ಕ ಎಂದು ಇಲಾಖೆ ತಿಳಿದಿದೆ. ಮಗುವಿಗೆ ಅದು ಒಬ್ಬಾಕೆ. ಸಾರಿನಲ್ಲಿರುವ ಯಾವ ತರಕಾರಿ ಯಾರು ತೆಗೆದಿಡುತ್ತಾರೆ, ಯಾವ ಹುಡುಗಿ ಸೋಮವಾರ ಮಾತ್ರ ಎರಡು ಸಲ ಬಡಿಸಿಕೊಳ್ಳುತ್ತಾಳೆ ಎಂಬುದು ಅಡುಗೆಯಾಕೆಗೆ ಗೊತ್ತು. ಭಾನುವಾರ ಆ ಮನೆಯಲ್ಲಿ ಒಲೆ ಸರಿಯಾಗಿ ಉರಿದಿಲ್ಲ ಎಂದೂ ಅದರಿಂದಲೇ ಗೊತ್ತು. ಹಾಜರಿ ಪುಸ್ತಕಕ್ಕೆ ತಿಳಿಯದ ಸಂಗತಿ ಸೌಟಿಗೆ ತಿಳಿಯುತ್ತದೆ. ಇಷ್ಟು ಬಲ್ಲವಳಿಗೆ ಸರ್ಕಾರ ಕೊಡುವುದು ಸಂಬಳವಲ್ಲ, ನಾಲ್ಕಂಕಿಯ ಗೌರವಧನ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆಯಲ್ಲಿ ನಮ್ಮ ತಿ. ನರಸೀಪುರವೂ ಇತ್ತು, ಅಂದಿನಿಂದ ಅಂಗನವಾಡಿ ಟೀಚರ್ ಮತ್ತು ಆಯಾ ಕೂಡ ಗೌರವಧನದವರೇ. ಗೌರವವೂ ಕಮ್ಮಿ, ಧನವೂ ಕಮ್ಮಿ ಎಂಬ ಅವರ ಪ್ರತಿಭಟನೆಯ ಸುದ್ದಿ ಆಗಾಗ ಓದುತ್ತೇವೆ, ಪುಟ ತಿರುವುತ್ತೇವೆ.

ಒಬ್ಬ ಹಿರಿಯರ ಆಸರೆ ನಿಜಕ್ಕೂ ಎಷ್ಟು ಭಾರ ಹೊರುತ್ತದೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಿಗೆ ಬಡತನ, ಮನೆಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆ ಹೀಗೆ ಸಾಲು ಕಷ್ಟಗಳಿದ್ದವು. ಅವರಲ್ಲೂ ಮೂರರಲ್ಲೊಬ್ಬರು ನೆಟ್ಟಗೆ ಬೆಳೆದರು. ಅಂಥವರ ಬಾಲ್ಯ ಕೆದಕಿದರೆ ಅಜ್ಜಿಯೋ, ಚಿಕ್ಕಮ್ಮನೋ, ಮೇಷ್ಟರೋ, ನೆರೆಯವರೋ ಬಿಡದೆ ಜೊತೆಗಿದ್ದ ಯಾರೋ ಒಬ್ಬರು ಸಿಗುತ್ತಿದ್ದರು. ಈ ಅಧ್ಯಯನವನ್ನು ಭಾಷಣಗಳಲ್ಲಿ ಬಳಸುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಉಳಿದ ಎರಡು ಪಾಲು ಮಕ್ಕಳು ಹದಿಹರೆಯದ ಹೊತ್ತಿಗೆ ತೊಂದರೆಗೆ ಸಿಕ್ಕಿದ್ದರು. ಅಜ್ಜಿಯ ಪ್ರೀತಿ ಇದೆಯಲ್ಲ ಎಂದು ಬಡತನವನ್ನು ಅದರ ಪಾಡಿಗೆ ಬಿಡಲು ಬರುವುದಿಲ್ಲ.

ಆಸರೆ ಎಂದರೆ ಬರೀ ಒಳ್ಳೆಯ ಮನಸ್ಸಲ್ಲ, ಅದಕ್ಕೆ ಬಿಡುವು ಬೇಕು. ಅಜ್ಜಿ ತಾನೇ ಕೂಲಿಗೆ ಹೋಗುವ ಮನೆಯಲ್ಲಿ ಚಿತ್ತಾರದ ಬಟ್ಟಲು ಹಿಡಿಯಲು ಮೊಮ್ಮಗಳಿಗೆ ಯಾರೂ ಸಿಗುವುದಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂರಿಸಿಕೊಂಡು, ನಡುವೆ ಮಾಹಿತಿ ತುಂಬಿ ಆನ್‌ಲೈನ್‌ನಲ್ಲಿ ಕಳಿಸಬೇಕಾದ ಮೇಷ್ಟರಿಗೆ ಬಾಡಿದ ಮುಖ ಕಂಡರೂ ‘ಯಾಕೋ ಮರಿ?’ ಎಂದು ಕೇಳಲು ಪುರಸೊತ್ತಿಲ್ಲ. ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ದೂರದ ಊರಿಗೆ ಹೋಗುವ ದಾರಿಯಲ್ಲಿ ಜೊತೆಗೆ ನಡೆಯುವವರು ಯಾರು ಎಂಬ ಪ್ರಶ್ನೆಗೆ, 2006–07ರಲ್ಲಿ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ ಬಂದ ಸೈಕಲ್ ಯೋಜನೆ ಸ್ವಲ್ಪ ಉತ್ತರ ಕೊಟ್ಟಿತ್ತು. ಆ ಸೈಕಲ್ಲುಗಳ ವಿತರಣೆಯೂ ಕೋವಿಡ್ ಕಾಲದಲ್ಲಿ ನಿಂತಿತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಊರೂರಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಹೆಚ್ಚು ಅಂಕ ಪಡೆದವರ ಚಿತ್ರ ನಡುವೆ, ಮೇಲೆ ಶಾಸಕರು, ಸಂಸದರು, ಕೆಳಗೆ ಶುಭ ಕೋರುವ ಹತ್ತು ತಲೆಗಳು. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂರುವವರು ಹೆಚ್ಚಿನಂಶ ಅದೇ ಊರಿನ ತಂದೆತಾಯಂದಿರು. ಮುಂದಿನ ಸಲ ಫ್ಲೆಕ್ಸ್ ಬರೆಸುವ ಮುನ್ನ ಆ ಮಕ್ಕಳನ್ನೇ ಕರೆದು, ‘ನಿನಗೆ ಯಾರ ಚಿತ್ರ ಹಾಕಿಸಬೇಕು?’ ಎಂದು ಕೇಳಲು ಅವರಿಗೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.