ಅರ್ಧಕ್ಕೆ ನಿಂತ ಬಾಗಿಲು

ನಮ್ಮ ಹೊಳೆಮಣ್ಣೂರ ಕಡೆ ಹಿಂದೆ ಬಡಿಗೇರರಿಗೆ ಆಯ ಕೊಡುತ್ತಿದ್ದೆವು. ವರ್ಷವಿಡೀ ಕುಂಟಿ, ಕೂರಿಗೆಯ ದುರಸ್ತಿ ಅವರದು. ಸುಗ್ಗಿಯಲ್ಲಿ ಕಣದಿಂದ ಜೋಳ ನಮ್ಮದು. ತಂದೆ ತೀರಿದರೆ ಮಗ ಉಳಿ ಹಿಡಿಯುತ್ತಿದ್ದ.

ಈಗೆಲ್ಲಿ? ನಮ್ಮ ಬಾಗಿಲಿಗೆ ಮುಂಗಡ ಪಡೆದ ಬಡಿಗೇರಣ್ಣ ಅರ್ಧಕ್ಕೇ ತೀರಿಕೊಂಡ. ಮಗ ಹುಬ್ಬಳ್ಳಿಯಲ್ಲಿ ಡ್ರೈವರ್. "ನನಗ ಆ ಕೆಲಸ ಬರಂಗಿಲ್ರೀ ಅಕ್ಕಾರ" ಅಂದ.

1872ರ ಕರಾರು ಕಾಯ್ದೆಯೂ ಅವನ ಕಡೆಗೇ ಇದೆ. ಒಬ್ಬನ ಕೈಗುಣ ನಂಬಿ ಒಪ್ಪಿಸಿದ ಕೆಲಸ ಅವನ ಜೊತೆಗೇ ಮುಗಿಯಿತು, ವಾರಸುದಾರರು ಮಾಡಬೇಕಿಲ್ಲ. ಆದರೆ 65ನೆಯ ಕಲಮಿನಂತೆ, ಆಗದ ಕೆಲಸದ ಮುಂಗಡ ತಿರುಗಿ ಕೊಡಬೇಕು.

ಗಂಡನನ್ನು ಕಳಕೊಂಡವಳ ಮುಂದೆ ದುಡ್ಡಿನ ಮಾತೆತ್ತಲು ನಾಲಗೆ ಏಳುತ್ತದೆಯೇ, ನೀವೇ ಹೇಳಿ! ಆಗಿದ್ದ ಚೌಕಟ್ಟಿನ ಕೂಲಿ ಮುರಿದು, "ಉಳಿದದ್ದು ಸುಗ್ಗಿಗೆ ಕೊಡವಾ" ಅಂದೆ. ಹಲಗೆ ನಮ್ಮವು, ತಂದೆವು. ಹೊಸ ಬಡಿಗೇರನಿಂದ ಮಾತ್ರ ಚೀಟಿ ಬರೆಸಿಕೊಂಡಿದ್ದೇನೆ: ಕೆಲಸ ಆದಷ್ಟಕ್ಕೇ ಹಣ.